ಚಳಿಯಲ್ಲೇ ಬಂದ ಬೇಸಿಗೆ

ಋತುಗಳು ಯಾರ ಅಪ್ಪಣೆಗೂ ಕಾಯದೆ ತಮ್ಮಷ್ಟಕ್ಕೆ ತಾವು ಬಂದು ಹೋಗುತ್ತವೆ, ಮನುಷ್ಯನಾದವನು ಅವುಗಳಿಗೆ ತಲೆಬಾಗಿ ನಡೆಯಬೇಕು ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರು ಯಾರೂ ಕೊಟ್ಟೂರಿನ ನಮ್ಮ ಮನೆಗೆ ಬಂದು ಚಹಾ ಕುಡಿದವರಲ್ಲ. ನಮ್ಮಲ್ಲಿ ಬೇಸಿಗೆ ಬರುತ್ತಿದ್ದುದು ಗೌರತ್ತೆ ಹೇಳಿದ ದಿನ. ಹೊರಗೆ ಬಿಸಿಲು ಎಷ್ಟೇ ಬಡಕೊಳ್ಳಲಿ, ಅವಳು ಟ್ರಂಕಿನ ಮುಚ್ಚಳ ಎತ್ತುವ ತನಕ ಅದು ಅನಧಿಕೃತ. ಮೊನ್ನೆ ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಮುದುಕಿಯೊಬ್ಬಳು ಬಂದು ಕೂತಳು. ಮೆಂತ್ಯ ಹಾಕಿ ಕಾಯಿಸಿದ ಔಡಲೆಣ್ಣೆಯ ವಾಸನೆ ಅವಳ ತಲೆಯಿಂದ ಎದ್ದು, ಕಿಟಕಿಯ ಗಾಳಿಯ ಜೊತೆ ನನ್ನ ಮುಖಕ್ಕೆ ಬಡಿಯಿತು. ಅದು ಸುವಾಸನೆಯೆಂದು ಪ್ರಮಾಣ ಮಾಡಿ ಹೇಳುವ ಧೈರ್ಯ ನನಗಿಲ್ಲ. ಪಕ್ಕದವರು ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಇಳಿಯುವ ತನಕ ಮುಂದಕ್ಕೆ ಬಾಗಿಕೊಂಡೇ ಕೂತಿದ್ದೆ.

ಗೌರತ್ತೆ ನನ್ನ ಅಪ್ಪನ ಅಕ್ಕ. ಅವಳನ್ನು ಹರಪನಹಳ್ಳಿ ಹತ್ತಿರದ ಬಾಗಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಅವಳ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದಾಗ, ಅತ್ತೆ ಜಗಳ ಆಡದೆ, ಒಂದು ಕಬ್ಬಿಣದ ಟ್ರಂಕು ಹಿಡಿದುಕೊಂಡು ತಮ್ಮನ ಮನೆಗೆ ಬಂದಳು. ಮರುವರ್ಷ ನನ್ನ ಅವ್ವ ತೀರಿಕೊಂಡಳು. ನಾನಾಗ ಇನ್ನೂ ಅಂಬೆಗಾಲಿಡುವ ಕೂಸು. ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟುಕೊಂಡಿದ್ದ ಅಪ್ಪನಿಗೆ ಪಂಕ್ಚರ್ ಹಾಕುವುದು ಬಿಟ್ಟರೆ ಲೋಕದ ಇನ್ನಾವ ತೂತನ್ನೂ ಮುಚ್ಚಲು ಬರುತ್ತಿರಲಿಲ್ಲ. ಹಾಗಾಗಿ ರಾಜ್ಯಭಾರ ಅತ್ತೆಯ ಕೈಗೆ ಬಂತು. ಆದರೂ ಓಣಿಯ ಹೆಂಗಸರು ಕಟ್ಟೆಗೆ ಬಂದು ಕೂತಾಗಲೆಲ್ಲ, “ಎಷ್ಟಂದ್ರೂ ಗಂಡನ ಮನಿ ಅಲ್ಲೈತಲ್ಲ” ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ನಾನು ಅತ್ತೆಯ ಸೆರಗಿನ ಚುಂಗು ಹಿಡಿದುಕೊಂಡೇ ಓಡಾಡುತ್ತಿದ್ದೆ. ನನ್ನ ಬಾಲ್ಯದ ಭಯ ಒಂದೇ ಒಂದು. ದೆವ್ವ ಅಲ್ಲ, ಮೇಷ್ಟ್ರೂ ಅಲ್ಲ, ಹರಪನಹಳ್ಳಿ ಕಡೆಯ ಬಸ್ಸು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದಳೆಂದರೆ ಬೇಸಿಗೆ ಜಾರಿಗೆ ಬಂತೆಂದು ತಿಳಿಯಬೇಕು. ಕಂಬಳಿಗಳು, ಅಪ್ಪನ ಉಣ್ಣೆಯ ಸ್ವೆಟರು, ನನ್ನ ಕುಲಾವಿ, ಎಲ್ಲ ಬಿಸಿಲಿಗೆ ಬಿದ್ದು, ಕೋಲಿನ ಏಟು ತಿಂದು, ಒಣಗಿದ ಬೇವಿನ ಸೊಪ್ಪಿನ ನಡುವೆ ಟ್ರಂಕಿನೊಳಗೆ ಸೆರೆಯಾಗುತ್ತಿದ್ದವು. ಅಲ್ಲಿಂದ ಬಿಡುಗಡೆಯಾಗಿ ಬಂದ ತೆಳು ಬಟ್ಟೆಗಳಿಗೆ ಬೇವಿನದೇ ಕಹಿ ವಾಸನೆ. ಅಪ್ಪನ ಪಂಚೆಗೆ ಅತ್ತೆ ಎಂಥ ಗಂಜಿ ಹಾಕುತ್ತಿದ್ದಳೆಂದರೆ ಪಂಚೆ ತನ್ನಷ್ಟಕ್ಕೆ ತಾನೇ ನಿಲ್ಲುತ್ತಿತ್ತು, ಅಪ್ಪ ಅದರೊಳಗೆ ಪ್ರವೇಶ ಪಡೆಯುತ್ತಿದ್ದ. ಆಮೇಲೆ ನನ್ನ ತಲೆಯ ಸರದಿ. ಬಚ್ಚಲ ಕಟ್ಟೆಯ ಮೇಲೆ ಕೂರಿಸಿ, ನೆತ್ತಿಗೆ ಬೆಚ್ಚಗಿನ ಔಡಲೆಣ್ಣೆ ಸುರಿದು ತಟ್ಟುವಾಗ ಅವಳ ಬಳೆಗಳು ನನ್ನ ಕಿವಿಯ ಪಕ್ಕದಲ್ಲೇ ಗಲಗಲ ಅನ್ನುತ್ತಿದ್ದವು. ಎಣ್ಣೆ ಹಣೆಗಿಳಿದು ಕಣ್ಣಿಗೆ ಸೇರುತ್ತಿತ್ತು. “ಉರಿತೈತಿ ಅತ್ತಿ!” ಅಂದರೆ, “ಉರೀಲಿ, ಒಳಗಿನ ಕಾವು ಹೊರಗ ಬರಾಕತ್ತೈತಿ” ಎಂಬ ವೈದ್ಯಕೀಯ ಉತ್ತರ. ಸೀಗೆಕಾಯಿ ಪುಡಿಯಲ್ಲಿ ತಿಕ್ಕಿ ತೊಳೆದ ಕೂದಲನ್ನು ಕೆಂಡದ ಮೇಲಿನ ಲೋಬಾನದ ಹೊಗೆಗೆ ಹಿಡಿದು ಆರಿಸುತ್ತಿದ್ದಳು. ಹಡಗಲಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲ್ಲಿಗೆ ಮೊಗ್ಗು ಬರಲು ಶುರುವಾದರೆ ಯುಗಾದಿಗೆ ನನಗೆ ಮೊಗ್ಗಿನ ಜಡೆ. ನಿಮ್ಮ ತಲೆಯನ್ನೂ ಹೀಗೆ ಎರಡು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೂತವರು ಒಬ್ಬರು ಇದ್ದಿರಬೇಕು. ಅವರ ಮುಖಕ್ಕಿಂತ ಆ ಮೊಣಕಾಲುಗಳೇ ನಿಮಗೂ ಚೆನ್ನಾಗಿ ನೆನಪಿರಬೇಕು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಸಂಕ್ರಾಂತಿಯ ಎಳ್ಳು ಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ, ಅತ್ತೆಯ ಗಂಡ ನಮ್ಮ ಮನೆಗೆ ಬಂದ. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಬಂದವನು ಆಮೇಲೂ ಎತ್ತಲಿಲ್ಲ. ಅವನ ಎರಡನೆಯ ಹೆಂಡತಿ ಕಾಮಾಲೆಯಾಗಿ ಹೋಗಿದ್ದಳು. ಎರಡು ಸಣ್ಣ ಹೆಣ್ಣುಮಕ್ಕಳು ಉಳಿದಿದ್ದವು.

“ಮನೆ ದಿಕ್ಕಿಲ್ಲದಂಗೆ ಆಗೇತಿ ಗೌರಿ. ನೀನು ಬರಬೇಕು” ಅಂದ.

ಅತ್ತೆ ಚಹಾದ ಲೋಟ ಅವನ ಮುಂದೆ ಕುಕ್ಕಿ, “ನಾ ಹೊಂಟು ಬಂದಾಗ ಎಂಟೂ ದಿಕ್ಕು ಇದ್ದವಲ್ರಿ, ಎಲ್ಲಿಗೆ ಹೋದ್ವು?” ಅಂದಳು. ಅವನು ಚಹಾ ಕುಡಿದು, ಬರುವ ಸೋಮವಾರ ಮತ್ತೆ ಬರುತ್ತೇನೆಂದು ಹೇಳಿ ಹೋದ. ಅಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, “ಅಕ್ಕಾ, ನೀ ಹೋಗಬೇಕಂತ ಏನಿಲ್ಲ. ಈ ಮನಿ ನಿಂದು” ಅಂದ. “ಗೊತ್ತೈತಿ ಬಿಡು. ನಂದಲ್ಲದಿದ್ರ ನಿನ್ನ ಗ್ರೀಸ್ ಹತ್ತಿದ ಬನೀನು ಇಷ್ಟು ವರ್ಷ ಯಾಕ ಒಗೀತಿದ್ದೆ” ಅಂದಳು ಅತ್ತೆ. ನನಗೆ ಧೈರ್ಯ ಬಂತು. ಅವಳು ಹೋಗುವುದಿಲ್ಲವೆಂದು ಆ ಬನೀನಿನ ಆಧಾರದ ಮೇಲೆ ತೀರ್ಮಾನಿಸಿ ಮಲಗಿದೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಕಂಬಳಿಗಳು ಅಂಗಳದಲ್ಲಿ ಬಿದ್ದಿದ್ದವು. ಹೊರಗೆ ಹಲ್ಲು ಕಟಕಟ ಅನ್ನುವ ಚಳಿ. ಎದುರು ಮನೆಯ ನೀಲಮ್ಮ ಶಾಲು ಹೊದ್ದುಕೊಂಡೇ, “ಏನ್ ಗೌರಕ್ಕ, ಶಿವರಾತ್ರಿನೇ ಬಂದಿಲ್ಲ, ನಿಮ್ಮ ಮನಿಗೆ ಆಗ್ಲೇ ಯುಗಾದಿ ಬಂತೇನ್ರಿ?” ಎಂದು ನಕ್ಕಳು. “ಮೊದ್ಲು ನಮ್ಮ ಮನಿಗೆ ಬರ್ತೈತ್ರಿ, ಮುಗಿದ ಮ್ಯಾಲೆ ನಿಮ್ಮನಿಗೆ ಕಳಸ್ತೀನಿ” ಎಂದು ಅತ್ತೆ ಕೋಲು ಎತ್ತಿದಳು. ಆ ವಾರವೆಲ್ಲ ಗಂಜಿ, ಎಣ್ಣೆ, ಸೀಗೆಕಾಯಿ. ಒದ್ದೆ ತಲೆಯಲ್ಲಿ ನಾನು ನಡುಗುತ್ತ, “ಇನ್ನೂ ಚಳಿ ಐತಲ್ಲ ಅತ್ತಿ” ಅಂದರೆ, “ಸುಮ್ನ ಕೂಡು” ಎನ್ನುವುದಷ್ಟೇ. ವೈದ್ಯಕೀಯ ಉತ್ತರಗಳು ನಿಂತುಹೋಗಿದ್ದವು.

ಶನಿವಾರ ಅವಳು ನನಗೆ ಹೊಸ ಕಾಟನ್ ಲಂಗ ಹೊಲಿಯುತ್ತ ಕೂತಳು. ನಾನು ಬೆಳೆದಂತೆ ಬಿಚ್ಚಲೆಂದು ಅವಳು ಯಾವಾಗಲೂ ಲಂಗದ ಕೆಳಗೆ ಒಂದು ಮಡಿಕೆ ಹಿಡಿಯುತ್ತಿದ್ದಳು. ಪ್ರತಿ ಬೇಸಿಗೆಗೆ ಅದನ್ನು ಅವಳೇ ಬಿಚ್ಚುತ್ತಿದ್ದಳು. ಈ ಲಂಗಕ್ಕೆ ಮಡಿಕೆಯ ಮೇಲೆ ಮಡಿಕೆ ಇತ್ತು.

“ಬರೋ ವರ್ಷ ಇದನ್ನ ಬಿಚ್ಚು. ಅದರಾಚಿ ವರ್ಷ ಇದನ್ನ. ಬ್ಲೇಡ್ ಹಾಕಬ್ಯಾಡ, ಬಟ್ಟಿ ಹರೀತೈತಿ. ಸೂಜೀಲೆ ದಾರ ಎತ್ತು” ಅಂದಳು.

“ನೀ ಬಿಚ್ಚಂಗಿಲ್ಲೇನು?”

ಅತ್ತೆ ಸೂಜಿಗೆ ದಾರ ಪೋಣಿಸಲು ಬೆಳಕಿನ ಕಡೆ ತಿರುಗಿದಳು. ಸೂಜಿಯಲ್ಲಿ ದಾರ ಮೊದಲೇ ಇತ್ತು. “ಅಲ್ಲಿ ಎರಡು ಕೂಸು ಅದಾವ ಪಾರಿ. ತಲಿ ಬಾಚೋರು ಯಾರೂ ಇಲ್ಲ.”

“ಮತ್ತ ನನಗ?”

“ನಿನಗ ಕಲಿಸ್ತೀನಿ, ಬಾ.”

ಕೈ ಹಿಂದಕ್ಕೆ ಮಾಡಿಕೊಂಡು ಮೂರು ಎಳೆ ಹಿಡಿಯುವ ವಿದ್ಯೆಯನ್ನು ನಾನು ಅಳುತ್ತ ಅಭ್ಯಾಸ ಮಾಡಿದೆ. ಒಂದು ಎಳೆ ಸಿಕ್ಕರೆ ಇನ್ನೊಂದು ಪರಾರಿ. “ಅಯ್ಯ, ಎಮ್ಮಿ ಹಗ್ಗ ಕಿತ್ಕೊಂಡು ಹೋದಂಗ ಐತಿ ನಿನ್ನ ಜಡಿ!” ಎಂದು ಅತ್ತೆ ನಗಲು ನೋಡಿದಳು. ಆಮೇಲೆ ತಾನೇ ಬಿಚ್ಚಿ, ಬಾಚಿ, ಬಿಗಿಯಾಗಿ ಹಾಕಿದಳು. ಸೋಮವಾರ ಹೇಳಿದಂತೆ ಅವಳ ಗಂಡ ಬಂದ. ಅವಳ ಬಟ್ಟೆಯ ಚೀಲವನ್ನು ಅಪ್ಪ ಸೈಕಲ್ಲಿಗೆ ಕಟ್ಟಿದ. ಟ್ರಂಕು ನಮಗೇ ಇರಲಿ ಅಂದಳು. ಹರಪನಹಳ್ಳಿ ಬಸ್ಸು ಹೊರಟ ಮೇಲೂ ಅವಳ ತಲೆ ಕಿಟಕಿಯಿಂದ ಹೊರಗೇ ಇತ್ತು. “ಲೇ ಪಾರಿ, ತಲೀಗೆ ಎಣ್ಣಿ ಹಚ್ಕೋ!” ಎಂದು ಕೂಗಿದ್ದು ಬಸ್‌ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ಕೇಳಿಸಿತು. ನಾನು ಆ ಬಿಗಿಯಾದ ಜಡೆಯನ್ನು ಬಿಚ್ಚಗೊಡದೆ ವಾರಗಟ್ಟಲೆ ಉಳಿಸಿಕೊಂಡೆ.

ಚಳಿ ಮಾತ್ರ ಅತ್ತೆಯ ಆಜ್ಞೆಯನ್ನು ಲೆಕ್ಕಿಸದೆ ಶಿವರಾತ್ರಿಯ ತನಕ ಇತ್ತು. ಅಪ್ಪ ಮತ್ತು ನಾನು ತೆಳು ದುಪ್ಪಟಿ ಹೊದ್ದುಕೊಂಡು ಮಲಗಿ, ಬೆಳಿಗ್ಗೆ ಇಬ್ಬರೂ ಕೆಮ್ಮುತ್ತ ಏಳುತ್ತಿದ್ದೆವು. “ಕಂಬಳಿ ತಗೀಲೇನಪ್ಪಾ?” ಎಂದು ಕೇಳಿದರೆ ಅವನು ಟ್ರಂಕಿನ ಕಡೆ ನೋಡದೆ, “ಅಕ್ಕ ಕಟ್ಟಿಟ್ಟಾಳ, ಇರಲಿ ಬಿಡು” ಅನ್ನುತ್ತಿದ್ದ. ಅದನ್ನು ನಾವೇ ತೆರೆದರೆ ಅವಳು ಹೋದದ್ದು ಖರೆಯಾಗಿಬಿಡುತ್ತಿತ್ತು. ಹೀಗಾಗಿ ಕಾನೂನಿಗೆ ಬದ್ಧರಾದ ಪ್ರಜೆಗಳ ಹಾಗೆ ನಾವಿಬ್ಬರು ನಡುಗಿದೆವು. ಕೊನೆಗೆ ಜಡೆ ಸಿಕ್ಕುಗಟ್ಟಿ, ಅಪ್ಪನೇ ಬಾಚಣಿಗೆ ಹಿಡಿದ. ಕಳಚಿದ ಚೈನನ್ನು ಕಣ್ಣು ಮುಚ್ಚಿ ಕೂರಿಸುವ ಕೈ ಅದು. ನನ್ನ ಬೆನ್ನ ಹಿಂದೆ ಅದು ಬಹಳ ಹೊತ್ತು ಒದ್ದಾಡಿ, ಸುಮ್ಮನಾಯಿತು. ಅವನು ಮೂಗು ಎಳೆದುಕೊಂಡದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಅತ್ತೆ ಬಾಗಳಿಯಲ್ಲೇ ಉಳಿದಳು. ಯುಗಾದಿಯ ಹಿಂದಿನ ದಿನ ಅಪ್ಪ ನನ್ನನ್ನು ತಾನು ಹೋಗುವ ಕಟಿಂಗ್ ಶಾಪಿಗೆ ಕರೆದುಕೊಂಡು ಹೋಗಿ, ನನ್ನ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿ ಹಾಕಿಸಿದ.