ಗೌಸಿಯಾ ಕಾದಿಟ್ಟ ಬೂದಿ

ಏಳುನೂರು ವರ್ಷದ ಹಿಂದೆ, ತುಲೂಸ್ ಸೀಮೆಯ ಒಂದು ಪೇಟೆಯಲ್ಲಿದ್ದ ದೊಮಿನಿಕ್ ಪಂಥದ ಕ್ರೈಸ್ತ ಮಠಕ್ಕೆ ನಲವತ್ತು ವರ್ಷ ಬಟ್ಟೆ ಒಗೆದ ಗೌಸಿಯಾಳನ್ನು ಊರಿನವರು ಬಾಯಿಲ್ಲದವಳು ಎನ್ನುತ್ತಿದ್ದರು. ಬಾಯಿ ಇತ್ತು. ಹಲ್ಲು ಕಚ್ಚಿಕೊಂಡಿದ್ದಳು, ಅಷ್ಟೆ.

ಅವಳ ಅಪ್ಪ, ನೇಕಾರ ಐಮೆರಿಕ್, ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಸಾಯುವಾಗ ಅವನು, ಚರ್ಚು ಧರ್ಮಬಾಹಿರರೆಂದು ಸಾರಿದ್ದ ಪಂಥದವರ ಆಶೀರ್ವಾದ ಪಡೆದಿದ್ದನೆಂದು ಯಾರೋ ಮಠಕ್ಕೆ ಚಾಡಿ ಹೇಳಿದರು. ಮಠದ ಹಿರಿಯ ಬೆರೆಂಗಾರ್ ಗೋರಿ ಅಗೆಸಿ, ಮೂಳೆಗಳನ್ನು ಬೀದಿಯುದ್ದಕ್ಕೂ ಎಳೆಸಿ, ಸಂತೆ ಮಾಳದಲ್ಲಿ ಸುಡಿಸಿದ. ಸತ್ತವನ ಮೇಲೆ ಪೌರುಷ ತೋರಿಸುವುದಕ್ಕೆ ಏನು ಕಷ್ಟ? ಅಷ್ಟಕ್ಕೂ ಹೊಟ್ಟೆ ತುಂಬದೆ ಮಗಳನ್ನೇ ಕರೆಸಿದ.

"ದಿನಾ ಬೂದಿ ಹೊರೋಳಲ್ವೇನೇ ನೀನು? ಇದನ್ನೂ ಹೊತ್ಕೊಂಡೋಗಿ ಹೊಳೇಗೆ ಸುರಿ. ಅವನಿಗೆ ಆರಡಿ ಮಣ್ಣೂ ಸಿಗಬಾರದು."

"ಆಗ್ಲಿ ಸ್ವಾಮಿ," ಎಂದಳು.

ಬೂದಿನೀರಲ್ಲಿ ಬಟ್ಟೆ ಬೇಯಿಸುವ ಉಬ್ಬೆಗೆಂದು ಅವಳು ದಿನವೂ ಬೂದಿ ತುಂಬಿಕೊಳ್ಳುತ್ತಿದ್ದ ರೊಟ್ಟಿ ಒಲೆ ದಾರಿಯಲ್ಲೇ ಇತ್ತು. ಅಲ್ಲಿ ಕುಕ್ಕೆ ಬದಲಾಯಿತು. ದಂಡೆಯ ಕಾವಲಿನವರು ಕಣ್ಣಾರೆ ನೋಡಿದ್ದು ಒಲೆಯ ಬೂದಿ ಹೊಳೆಗೆ ಬಿದ್ದದ್ದನ್ನು. ಅಪ್ಪ ಮನೆಯ ಮಡಕೆ ಸೇರಿದ. ಆದರೆ ಅವನಿಗೆ ಚರ್ಚಿನ ಪವಿತ್ರ ನೆಲದಲ್ಲಿ ಜಾಗ ಕೊಡುವವರು ಯಾರು? ಕೇಳಿದರೆ ಅವಳನ್ನೂ ಸುಡುತ್ತಿದ್ದರು.

ಮರುವಾರ ಬೆರೆಂಗಾರನ ಬಿಳಿ ನಿಲುವಂಗಿ ಉಬ್ಬೆಗೆ ಬಂತು. ಬೂದಿನೀರಿಗೆ ಅಪ್ಪನದೂ ಒಂದು ಚಿಟಿಕೆ ಹಾಕಿದಳು. ಹೊಟ್ಟೆ ತಣ್ಣಗಾಯಿತು.

"ನನ್ನ ಅಂಗಿ ಇಷ್ಟು ಬೆಳ್ಳಗೆ ಯಾವತ್ತೂ ಇರ್ಲಿಲ್ಲ ಕಣೇ. ಎಲ್ಲಿಯ ಬೂದಿ ಹಾಕ್ದೆ?" ಎಂದು ಬೆರೆಂಗಾರ್ ಕೇಳಿದ.

"ನಮ್ಮನೇದೇ ಸ್ವಾಮಿ."

ಹಬ್ಬಹಬ್ಬಕ್ಕೂ ಒಂದೊಂದು ಚಿಟಿಕೆ. ಆ ಅಂಗಿಯನ್ನೇ ಮೈಮೇಲೆ ಹಾಕಿಕೊಂಡು ಅವನು ಉಪದೇಶ ಮಾಡುತ್ತಿದ್ದ, ಅವಳು ಕೊನೆಯ ಸಾಲಿನಲ್ಲಿ ನಿಂತು ಕೇಳುತ್ತಿದ್ದಳು. ಹೀಗೆ ಒಂಬತ್ತು ವರ್ಷ ಕಳೆಯಿತು. ಒಂದು ಚಳಿಗಾಲ ಬೆರೆಂಗಾರ್ ಕೆಮ್ಮಿ ಕೆಮ್ಮಿ ಸತ್ತ.

ಅಲ್ಲಿ ಸನ್ಯಾಸಿಯನ್ನು ಅವನ ಅಂಗಿಯಲ್ಲೇ ಹೂಳುತ್ತಾರೆ. ಮಠದ ಹಿರಿಯನಿಗಾದರೆ ಚರ್ಚಿನೊಳಗೆ ಬಲಿಪೀಠದ ಮುಂದಿನ ಕಲ್ಲಿನಡಿಯೇ ಜಾಗ. ಕೊನೆಯ ಬಾರಿಗೆ ಒಗೆದುಕೊಡು ಎಂದು ಅಂಗಿ ಕಳಿಸಿದರು. ಗೌಸಿಯಾ ಒಗೆದು, ಒಣಗಿಸಿ, ಕೆಳ ಅಂಚಿನ ಹೊಲಿಗೆ ಬಿಚ್ಚಿ, ಮಡಕೆಯಲ್ಲಿ ಉಳಿದಿದ್ದ ಬೂದಿಯಷ್ಟನ್ನೂ ಅಂಚಿನ ಸುತ್ತಲೂ ತುಂಬಿ, ನೇಕಾರನ ಮಗಳಿಗೆ ತಕ್ಕ ಹಾಗೆ ಒತ್ತಾಗಿ ಹೊಲಿದಳು.

ಕಲ್ಲು ಮುಚ್ಚಿದ ಮೇಲೆ ಅದರ ಮೇಲೆ ಮಂಡಿಯೂರಿದಳು. ಕಣ್ಣು ತುಂಬಿತ್ತು. ಮುದಿ ಸನ್ಯಾಸಿಯೊಬ್ಬ ಕನಿಕರದಿಂದ, "ಅಳಬೇಡಮ್ಮಾ, ಅವರು ಸ್ವರ್ಗದಲ್ಲಿದ್ದಾರೆ," ಎಂದು ಹೇಳಿ ಆಚೆ ಹೋದ.

ಗೌಸಿಯಾ ಕಲ್ಲಿಗೆ ಬಾಯಿ ಹಚ್ಚಿದಳು.

"ಅಪ್ಪಾ, ಇನ್ನು ನಿನ್ನನ್ನ ಅಗೀಬೇಕು ಅಂದ್ರೆ ಮಠದೋರು ಮೊದಲು ಅವನನ್ನ ಅಗೀಬೇಕು."