ಸೀಟಿಯಾಗದೆ ಸುತ್ತಿಗೆ ಏಳದು

ತೆಲಂಗಾಣದ ಗಡಿಯೂರು ಮಕ್ತಲ್ ಹೊರವಲಯದ ಕಲ್ಲಿನ ಕ್ವಾರಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕೆಲಸದವರೆಲ್ಲ ಸುತ್ತಿಗೆಗಳನ್ನು ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿದ್ದಾರೆ. ಮೇಸ್ತ್ರಿ ಭೀಮಯ್ಯನವರೂ ಸುಮ್ಮನೆ ಕೂತಿದ್ದಾರೆ. ಮೇಸ್ತ್ರಿ ಸುಮ್ಮನಿರುವ ಕ್ವಾರಿಯನ್ನು ನಾನು ನೋಡುತ್ತಿರುವುದು ಇದೇ ಮೊದಲು! ಎಲ್ಲರ ಕಣ್ಣು ತಗಡಿನ ಶೆಡ್ಡಿನ ಕಡೆಗಿದೆ. ಅಲ್ಲಿ ಬೀರಲಿಂಗಪ್ಪ ಔಷಧದ ಪೆಟ್ಟಿಗೆ ತೆರೆದು ಹತ್ತಿ, ಪಟ್ಟಿ, ಮುರಿದ ಮೂಳೆಗೆ ಕಟ್ಟುವ ದಬ್ಬೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಎರಡು ಬಿದಿರುಗಳಿಗೆ ಕಂಬಳಿ ಬಿಗಿದು ಮಾಡಿದ ಸ್ಟ್ರೆಚರನ್ನು ಜಗ್ಗಿ ನೋಡುತ್ತಾರೆ. ಆಮೇಲೆ ಕೊರಳಲ್ಲಿನ ಸೀಟಿ ಊದುತ್ತಾರೆ. ಆಗ ಸುತ್ತಿಗೆಗಳು ಏಳುತ್ತವೆ.

ಬೀರಲಿಂಗಪ್ಪ ಧನ್ವಾಡದ ಕುರಿಗಾರರ ಮನೆಯವರು. ಹರೆಯದಲ್ಲಿ ಕುರಿ ಬಿಟ್ಟು, ಗೋದಾವರಿ ಕಡೆಯ ಕಲ್ಲಿದ್ದಲು ಗಣಿಗೆ ಹೋಗಿ ಪ್ರಥಮ ಚಿಕಿತ್ಸೆ ಕಲಿತರು. ಆ ಗಣಿಗೆ ಅವರು ತೆಲುಗಿನಲ್ಲೇ ಬೊಗ್ಗುಬಾಯಿ ಅನ್ನುತ್ತಾರೆ.

"ಬೊಗ್ಗುಬಾಯಿಯಾಗ ಒಂದು ಕಾಯ್ದೆ ಇತ್ರಿ. ಪಾಳಿ ಕೆಳಗ ಇಳೀಬೇಕಂದ್ರ ಪಟ್ಟಿ ಕಟ್ಟಾಕ ಬರೋನು ಒಬ್ಬ ಜೋಡಿ ಇಳೀಬೇಕು. ಅವ ಇಲ್ಲಂದ್ರ ಪಾಳೀನೂ ಇಲ್ಲ. ದವಾಖಾನಿ ಇರೋದು ಮ್ಯಾಲ, ಪೆಟ್ಟು ಬೀಳೋದು ಕೆಳಗ. ನಡುವಿನ ದಾರಿ ನಂದು" ಎಂದು ನಗುತ್ತಾರೆ.

ತೆಲಂಗಾಣ ರಾಜ್ಯವಾದ ಮರುವರ್ಷ ಊರ ಕಡೆ ಮರಳಿ ಈ ಕ್ವಾರಿಗೆ ಕಾವಲುಗಾರರಾಗಿ ಸೇರಿದರು. ಆ ಕಾಯ್ದೆ ಇಲ್ಲಿಯೂ ಬೇಕೆಂದಾಗ ಯಾರೂ ಕಿವಿಗೊಡಲಿಲ್ಲ. ಒಂದು ದಿನ ಅವರು ಇಲ್ಲದ ಹೊತ್ತಿನಲ್ಲಿ ಕಲ್ಲು ಉರುಳಿ ಭೀಮಯ್ಯನವರ ಕಾಲು ಮುರಿಯಿತು. ಗಾಬರಿಯಾದ ಜೊತೆಗಾರರು ಕೈಕಾಲು ಹಿಡಿದೆಳೆದು ಟ್ರ್ಯಾಕ್ಟರಿಗೆ ಹಾಕಿದರು. ಮೂಳೆ ಸೊಟ್ಟಗೆ ಕೂಡಿತು. ಅಂದಿನಿಂದ ಮಾಲೀಕರೂ ಒಪ್ಪಿದ್ದಾರೆ, ಸೀಟಿಯಾಗದೆ ಕೆಲಸವಿಲ್ಲ.

ಆದರೆ ಸೀಟಿ ಊದುವವರು ಒಬ್ಬರೇ. ಅವರು ರಜೆ ಹಾಕಿದರೆ ಎಲ್ಲರ ಕೂಲಿಯೂ ಹೋಯಿತು. ಹಾಗಾಗಿ ಅವರು ರಜೆಯನ್ನೇ ಹಾಕಿಲ್ಲ. ನಾಳೆ ಗದ್ವಾಲದಲ್ಲಿ ಮಗಳು ರಜಿತಾಳ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ. "ಯಪ್ಪಾ, ಮೊಮ್ಮಗಳನ್ನ ಫೋನಿನ್ಯಾಗೇ ನೋಡ್ಕೊಂತ ಇರ್ತಿಯೇನು?" ಎಂದು ಮಗಳು ಸಿಟ್ಟಾಗಿದ್ದಾಳೆ.

ಕಲ್ಲು ಹೊರುವ ತುಳಸಮ್ಮ ಈ ಕೆಲಸ ಕಲಿಯುತ್ತಿದ್ದಾರೆ. ಕುರಿಮರಿಗಳ ಮುರಿದ ಕಾಲು ಕಟ್ಟಿ ಪಳಗಿದ ಕೈ. ಉಳಿದಿರುವುದು ಕಡೆಯ ಪಾಠ, ಮನುಷ್ಯರನ್ನು ಸ್ಟ್ರೆಚರಿನಲ್ಲಿ ಹೊರುವುದು. ಅದಾಗದೆ ಬೀರಲಿಂಗಪ್ಪ ಸೀಟಿ ಕೊಡುವವರಲ್ಲ. ತೊಡಕೆಂದರೆ, ಅದರ ಮೇಲೆ ಮಲಗಲು ಯಾರೂ ತಯಾರಿಲ್ಲ. ಎಲ್ಲರಿಗಿಂತ ಮೊದಲು ಹಿಂದೆ ಸರಿಯುವವರು ಭೀಮಯ್ಯನವರೇ.

"ಬಿದಿರಿನ ಮ್ಯಾಲ ಮಲಗಿಸಿ ನಾಕು ಮಂದಿ ಹೊರೋದು ಯಾವಾಗ, ನೀವೇ ಹೇಳ್ರಿ! ನನ್ನ ಹೆಂಡ್ತಿ ನೋಡಿದ್ರ ಬಳೀನೇ ಒಡಕೊಂತಾಳ."

ಹಾಗಾಗಿ ಒಂದು ಟಗರನ್ನು ಮಲಗಿಸಿ ಅಭ್ಯಾಸ ಮಾಡಿದ್ದಾರಂತೆ. ರೋಗಿ ನಡುದಾರಿಯಲ್ಲಿ ಹಾರಿ ಮೇಯಲು ಹೋದನಂತೆ. "ಟಗರು ಒದೀತೈತಿ ಅಷ್ಟ. ಮನಿಷಾ ನರಳ್ತಾನ್ರಿ. ಅದನ್ನ ಕೇಳ್ಕೊಂತ ಹೊರೋದ ಕಲೀಬೇಕು" ಎನ್ನುತ್ತಾರೆ ಬೀರಲಿಂಗಪ್ಪ.

ಮಧ್ಯಾಹ್ನ ಬುತ್ತಿ ಉಂಡ ಮೇಲೆ ತುಳಸಮ್ಮ ಸೆರಗಿನ ಗಂಟು ಬಿಚ್ಚಿ, ಮೈಲಾರಲಿಂಗನ ಭಂಡಾರದ ಅರಿಸಿನವನ್ನು ಚಿಟಿಕೆಯಷ್ಟು ತೆಗೆದು ಕಂಬಳಿಯ ಮೇಲೆ ಉದುರಿಸುತ್ತಾರೆ.

"ದೇವರ ಪಲ್ಲಕ್ಕೀನೂ ನಾಕು ಮಂದೀನೇ ಹೊರ್ತಾರಲ್ರಿ ಮೇಸ್ತ್ರಿ. ಅದಕ್ಕ ಯಾರಾರ ಅಳ್ತಾರೇನು? ಬರ್ರಿ, ಮೆರೀರಿ!"

ಭೀಮಯ್ಯ ತಲೆ ಕೆರೆದುಕೊಳ್ಳುತ್ತಾರೆ. ಅತ್ತಿತ್ತ ನೋಡುತ್ತಾರೆ. ಕೊನೆಗೆ ಭಂಡಾರ ಹಣೆಗಿಟ್ಟುಕೊಂಡು ಮಲಗಿಯೇಬಿಡುತ್ತಾರೆ. "ಏಳುಕೋಟಿ ಏಳುಕೋಟಿಗೋ!" ಎಂದು ಯಾರೋ ಮೈಲಾರನ ಜೈಕಾರ ಕೂಗುತ್ತಾರೆ. ನಾಲ್ವರು ಏಕಕಾಲಕ್ಕೆ ಎತ್ತುತ್ತಾರೆ. ತಲೆಯ ಬದಿಗಿರುವ ತುಳಸಮ್ಮ ಹೆಜ್ಜೆಗೊಮ್ಮೆ ವಿಚಾರಿಸುತ್ತಾರೆ, "ಕಾಲು ನೋಯ್ತೈತೇನ್ರಿ?"

"ಇಲ್ಲವ್ವಾ," ಎನ್ನುತ್ತಾರೆ ಭೀಮಯ್ಯ. ಮತ್ತೆ ಮೆಲ್ಲಗೆ, "ಅವತ್ತೂ ಹಿಂಗ ಹೊತ್ತಿದ್ರ..."

ಆ ಮಾತಿಗೆ ದುಃಖಪಡಲು ಅಲ್ಲಿ ಪುರಸೊತ್ತೆಲ್ಲಿದೆ? ಮೇಸ್ತ್ರಿ ಇಳಿದದ್ದೇ ತಡ, ಮೆರೆಯಲು ಸಾಲು ನಿಂತಿದೆ. "ನಿನ್ನ ಕೈ ಮುರದೈತಿ, ನಿನ್ನ ತಲಿ ಒಡದೈತಿ" ಎಂದು ಬೀರಲಿಂಗಪ್ಪ ಪ್ರಸಾದದಂತೆ ಎಲ್ಲರಿಗೂ ಪೆಟ್ಟು ಹಂಚುತ್ತಾರೆ. ಸಂಜೆ ಕೊರಳಿನ ಸೀಟಿ ಬಿಚ್ಚಿ ತುಳಸಮ್ಮನ ಕೈಗಿಡುತ್ತಾರೆ.

ಮರುದಿನ ಬೆಳಗಿನ ಜಾವ ಅವರು ಬಿಳಿ ಧೋತರ ಉಟ್ಟು, ಮೊಮ್ಮಗಳಿಗೊಂದು ಪುಟ್ಟ ಕಂಬಳಿ ಹಿಡಿದು ರಸ್ತೆಯಲ್ಲಿ ನಿಂತಿದ್ದಾರೆ. ಗದ್ವಾಲದ ಬಸ್ಸು ಬಂದರೂ ಹತ್ತುತ್ತಿಲ್ಲ. ಕಿವಿ ಕ್ವಾರಿಯ ಕಡೆಗಿದೆ. "ಎಕ್ಕು ತಾತಾ!" ಎಂದು ಕಂಡಕ್ಟರ್ ಬೇಗ ಹತ್ತಲು ತೆಲುಗಿನಲ್ಲಿ ಗದರುತ್ತಾನೆ.

ಅಷ್ಟರಲ್ಲಿ ದೂರದಿಂದ ಸೀಟಿ ಕೇಳುತ್ತದೆ. ಅದರ ಬೆನ್ನಿಗೇ ಸುತ್ತಿಗೆಗಳ ಸದ್ದು.

ಬೀರಲಿಂಗಪ್ಪನವರ ಮುಖ ಅರಳುತ್ತದೆ. ಮೆಟ್ಟಿಲ ಮೇಲೆ ಕಾಲಿಟ್ಟು ನನ್ನತ್ತ ತಿರುಗಿ ಹೇಳುತ್ತಾರೆ, "ಕೇಳ್ತೇನ್ರಿ? ನಾ ಇಲ್ದನೂ ಪಾಳಿ ಶುರುವಾತು!"