ಅತ್ತೆ ಅನ್ನ ಬಿಟ್ಟ ವಾರ

ಬಿಡುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರು ಮೂಡುಬಿದಿರೆಯಲ್ಲಿ ಇರಲಿಲ್ಲ. ಬೆಳ್ತಂಗಡಿ ಕಡೆಯಿಂದ ನಾನು ಆ ಮನೆಗೆ ಸೊಸೆಯಾಗಿ ಬಂದಾಗಲೇ ಅವರು ನೀರುಳ್ಳಿ, ಬಟಾಟೆ, ಬದನೆ ಎಲ್ಲ ಬಿಟ್ಟು ಎಷ್ಟೋ ವರ್ಷವಾಗಿತ್ತು. ಜೈನರ ಮನೆಯಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ನನ್ನ ತವರಿನಲ್ಲೂ ಹೊತ್ತು ಮುಳುಗುವ ಮೊದಲು ಊಟ ಮುಗಿಯುತ್ತಿತ್ತು, ಗೆಡ್ಡೆಗೆಣಸು ಒಳಗೆ ಬರುತ್ತಿರಲಿಲ್ಲ. ಆದರೆ ಅತ್ತೆಗೆ ಅಷ್ಟು ಸಾಲುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಬಸದಿಯಲ್ಲಿ ದೇವರ ಮುಂದೆ ನಿಂತು ಹೊಸತೊಂದು ನಿಯಮ ತೆಗೆದುಕೊಳ್ಳುವರು. ಈ ತಿಂಗಳು ತುಪ್ಪ ಬೇಡ, ಮಳೆಗಾಲ ಮುಗಿಯುವವರೆಗೆ ಸೊಪ್ಪು ಬೇಡ. ತೆಗೆದುಕೊಂಡರೆ ಮುಗಿಯಿತು, ಜ್ವರ ಬಂದು ಮಲಗಿದರೂ ಅದನ್ನು ಮುಟ್ಟುವವರಲ್ಲ. ಹೊಟ್ಟೆಬಾಕಿಯಾದ ನನಗೆ ಅವರನ್ನು ಕಂಡರೆ ಭಯವೂ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

"ಡಬ್ಬಿಯಲ್ಲಿ ಇರುವಾಗಲೇ ಬಿಡ್ಬೇಕು ಮಗಾ," ಎಂದು ನನಗೆ ಬುದ್ಧಿ ಹೇಳುತ್ತಿದ್ದರು. "ಖಾಲಿಯಾದ ಮೇಲೆ ಬಿಟ್ಟೆ ಅಂತ ಹೇಳ್ಲಿಕ್ಕೆ ಎಂತ ಉಂಟು? ಅದು ತ್ಯಾಗ ಅಲ್ಲ, ಗತಿಕೇಡು."

ಅರುವತ್ತರ ದಶಕದ ನಡುವಿನ ವರ್ಷಗಳಲ್ಲಿ ಡಬ್ಬಿಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಒಂದು ಯುದ್ಧ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಮಳೆ ಕೈಕೊಟ್ಟ ಕಡೆ ಬೆಳೆಯಿಲ್ಲ, ಬೆಳೆದ ಕಡೆಯಿಂದ ಅಕ್ಕಿ ಹೊರಗೆ ಹೋಗುವಂತಿಲ್ಲ. ನಮಗೆ ಬರುತ್ತಿದ್ದ ಗೇಣಿ ಅಕ್ಕಿ ಅರ್ಧಕ್ಕಿಳಿಯಿತು. ರೇಷನ್ ಅಂಗಡಿಯಲ್ಲಿ ಕೆಂಪು ಗೋಧಿ ಕೊಟ್ಟರು. ಹುಟ್ಟಿದಂದಿನಿಂದ ಕುಚ್ಚಲಕ್ಕಿ ಗಂಜಿ ಕುಡಿದ ನಾವು ಅದನ್ನೂ ಗಂಜಿ ಮಾಡಿದೆವು. ಅದು ಅಂಟಾಗಿ ಲೋಟದ ತಳ ಬಿಡಲಿಲ್ಲ, ನನ್ನ ದೊಡ್ಡ ಮಗ ಒಂದು ಗುಟುಕು ಕುಡಿದು ಅಂಗಳಕ್ಕೆ ಹೋಗಿ ಉಗಿದು ಬಂದ. ವಾರಕ್ಕೆ ಒಂದು ರಾತ್ರಿ ಊಟ ಬಿಡಿ ಎಂದು ಪ್ರಧಾನಿಯವರು ರೇಡಿಯೋದಲ್ಲಿ ಕೇಳಿಕೊಂಡರು. ರಾತ್ರಿ ಊಟವೇ ಇಲ್ಲದ ಅತ್ತೆ ಯಾವ ಊಟ ಬಿಡುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಮಧ್ಯಾಹ್ನದ್ದನ್ನೇ ಬಿಟ್ಟರು.

ಇವರು, ಅಂದರೆ ನನ್ನ ಯಜಮಾನರು, ಬಂಟ್ವಾಳ ಪೇಟೆಯ ಒಂದು ಸಗಟು ದಿನಸಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ವಾರವಿಡೀ ಅಲ್ಲೇ ಇದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಿದ್ದರು. ಬರುವಾಗ ಮಕ್ಕಳಿಗೆ ಏನೂ ತರದಿದ್ದರೂ ಸುದ್ದಿಯನ್ನಂತೂ ಮರೆಯದೆ ತರುತ್ತಿದ್ದರು. ಪಾಣೆಮಂಗಳೂರಿನ ಸೇತುವೆಯ ಹತ್ತಿರ ಅಕ್ಕಿ ಲಾರಿ ತಡೆದರಂತೆ. ಘಟ್ಟದ ಮೇಲಿನಿಂದ ಬೆಲ್ಲ ಬರುವುದು ಕಡಿಮೆಯಾಗಿದೆಯಂತೆ. ಅಮೆರಿಕದ ಗೋಧಿ ಹಡಗು ತಡವಾದರೆ ರೇಷನ್ ಅಂಗಡಿಗೂ ಬಾಗಿಲು.

"ಇನ್ನೊಂದು ವರ್ಷ ಹೀಗೇ ಹೋದ್ರೆ ಜನ ಅಂಗಡಿ ಒಡೀತಾರೆ," ಎಂದು ಉಣ್ಣುತ್ತ ಹೇಳುವರು. "ಅಂಗಡಿ ಮುಗಿದ್ರೆ ಮನೆ ಒಡೀತಾರೆ. ಪೊಲೀಸರು ಬರ್ತಾರೆ ಅಂತ ನೀನು ಹೇಳಬಹುದು. ಅವರಿಗೂ ಹೊಟ್ಟೆ ಉಂಟಲ್ವಾ?"

ನಾನು ಒಳಗೆ ಹೋಗಿ ಭರಣಿಯ ಅಕ್ಕಿಯನ್ನು ಇನ್ನೊಮ್ಮೆ ಅಳೆದು ಬರುತ್ತಿದ್ದೆ. ಅತ್ತೆ ಮಾತ್ರ ಶಾಂತವಾಗಿ ಕೇಳುವರು. ಇದು ಪಂಚಮ ಕಾಲ, ಇದು ಕೆಡುತ್ತಲೇ ಹೋಗುವ ಕಾಲ ಎಂಬುದು ಅವರಿಗೆ ಹೊಸ ಸುದ್ದಿಯೇನಲ್ಲ. ಈ ಕಾಲದ ಕೊನೆಯ ದಿನ ಬೆಳಿಗ್ಗೆ ಧರ್ಮ ಹೋಗುತ್ತದೆ, ಮಧ್ಯಾಹ್ನ ರಾಜ ಹೋಗುತ್ತಾನೆ, ಸಂಜೆ ಒಲೆಯ ಬೆಂಕಿ ಆರುತ್ತದೆ ಎಂದು ಬಸದಿಯಲ್ಲಿ ಕೇಳಿದ್ದನ್ನು ಮಕ್ಕಳಿಗೆ ಹೇಳುತ್ತಿದ್ದರು. ಅದಕ್ಕಿನ್ನೂ ಸಾವಿರಾರು ವರ್ಷ ಉಂಟು, ಹೆದರಬೇಡಿ ಎಂದು ಸೇರಿಸುವರು. ನನಗೆ ಅಷ್ಟು ವರ್ಷ ಉಳಿದಿದೆ ಎಂಬ ನಂಬಿಕೆ ಇರಲಿಲ್ಲ.

ಶನಿವಾರ ಮಗನ ಬಾಯಿಂದ ಕೇಳಿದ್ದನ್ನು ಅತ್ತೆ ಭಾನುವಾರ ಬಸದಿಗೆ ಒಯ್ಯುತ್ತಿದ್ದರು. ಸಕ್ಕರೆ ಸಿಗಲಿಕ್ಕಿಲ್ಲ ಎಂದು ಇವರು ಹೇಳಿದರೆ ಮರುದಿನ ಅತ್ತೆ ಸಕ್ಕರೆ ಬಿಟ್ಟರು. ಬೆಲ್ಲದ ಮಾತು ಬಂದರೆ ಬೆಲ್ಲ. ಡಬ್ಬಿಯಲ್ಲಿ ಇರುವಾಗಲೇ ಬಿಡಬೇಕು ಎಂಬ ಅವರ ಲೆಕ್ಕಕ್ಕೆ ಅದು ಸರಿಯಾಗಿತ್ತು. ಜೊತೆಗೆ ಅವರು ಬಿಟ್ಟ ಪಾಲು ಮಕ್ಕಳಿಗೆ ಸಿಗುತ್ತಿತ್ತು. ಆದರೆ ಬಸದಿಯ ಹೆಂಗಸರು ಕಂಡದ್ದು ಬೇರೆ. ಅತ್ತೆ ಸಕ್ಕರೆ ಬಿಟ್ಟ ವಾರದಲ್ಲೇ ಪೇಟೆಯಲ್ಲಿ ಸಕ್ಕರೆ ಮಾಯ, ಬೆಲ್ಲ ಬಿಟ್ಟ ಹತ್ತು ದಿನಕ್ಕೆ ಬೆಲ್ಲದ ಬೆಲೆ ಆಕಾಶಕ್ಕೆ.

"ನಿಮ್ಮತ್ತೆಗೆ ಮೊದಲೇ ಗೊತ್ತಾಗ್ತದೆ ಮಾರಾಯ್ತಿ," ಎಂದು ಪಕ್ಕದ ಮನೆಯಾಕೆ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಅಷ್ಟು ವರ್ಷದ ವ್ರತ, ಸುಮ್ನೆ ಅಲ್ಲ."

ತೊಗರಿಬೇಳೆ ಬಿಟ್ಟಾಗ ನಮ್ಮ ಬೀದಿಯ ಅಂಗಡಿಯಲ್ಲಿ ಸೋಮವಾರ ಮಧ್ಯಾಹ್ನದೊಳಗೆ ಬೇಳೆಯ ಚೀಲ ಬರಿದಾಯಿತು. ಅಲ್ಲಿಂದ ಮುಂದೆ ನಾನು ಬಸದಿಯ ಮೆಟ್ಟಿಲು ಇಳಿಯುವಾಗ ಹೆಂಗಸರು ಸುತ್ತ ನಿಂತು ಈ ವಾರ ಏನು ಬಿಟ್ಟರು ಎಂದು ಕೇಳತೊಡಗಿದರು. ಅಂಗಡಿಯವನೂ ಒಂದು ದಿನ ಕದಳಿ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. ಅತ್ತೆಯ ಕಾಲಿಗೆ ಬಿದ್ದು, "ಅಮ್ಮ, ಮುಂದೆ ಏನು ಬಿಡುವುದಾದರೂ ನನಗೆ ಎರಡು ದಿನ ಮೊದಲು ಒಂದು ಮಾತು ಹೇಳಿ, ಪುಣ್ಯ ಬರ್ತದೆ," ಎಂದ. ನನಗೆ ನಗು ತಡೆಯಲಾಗದೆ ಒಳಗೆ ಓಡಿದೆ. ಅತ್ತೆ ನಗಲಿಲ್ಲ. ಹಣ್ಣನ್ನು ಹಿಂದೆ ಕೊಟ್ಟು ಕಳಿಸಿದರು.

ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು ಎಂದು ನಿಮಗೆ ಅನಿಸಬಹುದು. ಆದರೆ ಬಂಟ್ವಾಳದ ಅಂಗಡಿಯ ಒಳಮಾತು ಮನೆಯಲ್ಲಿ ಆಡುತ್ತಾನೆ ಎಂದು ಧಣಿಯ ಕಿವಿಗೆ ಬಿದ್ದರೆ ಇವರ ಕೆಲಸ ಹೋಗುತ್ತಿತ್ತು. ಆ ಕಾಲದಲ್ಲಿ ಕೆಲಸ ಹೋದವನಿಗೆ ಇನ್ನೊಂದು ಎಲ್ಲಿತ್ತು? ನಾವು ಬಾಯಿ ಮುಚ್ಚಿಕೊಂಡೆವು.

ಮತ್ತೊಂದು ಶನಿವಾರ ಇವರು ಬಂದವರೇ ಚಪ್ಪಲಿ ಬಿಡದೆ ಜಗಲಿಯಲ್ಲಿ ಕುಸಿದು ಕುಳಿತರು. "ಇನ್ನು ಅಕ್ಕಿ ಹೊರಗೆ ಬಿಡುವುದು ಬೇಡ ಅಂತ ಧಣಿ ಹೇಳಿದ್ದಾರೆ," ಎಂದರು. "ಎಲ್ಲ ಧಣಿಗಳೂ ಹಾಗೇ ಹೇಳಿದ್ದಾರೆ. ಬೆಲೆ ಏರಲಿ ಅಂತ ಕಾಯ್ತಾರೆ. ಗೋದಾಮು ತುಂಬ ಅಕ್ಕಿ ಮುಡಿ ಉಂಟು ಅಮ್ಮ, ನಾನೇ ಬೀಗ ಹಾಕಿ ಬಂದೆ."

ಅತ್ತೆ ಎದ್ದರು. ಅಡುಗೆಮನೆಗೆ ಹೋಗಿ ಅಕ್ಕಿಯ ಭರಣಿಯ ಮುಚ್ಚಳ ತೆಗೆದು ನೋಡಿ ಮುಚ್ಚಿದ್ದು ನನಗೆ ಕೇಳಿಸಿತು. ಮರುದಿನ ಬಸದಿಯಿಂದ ಬಂದು, ಹೊಸ ಬೆಳೆ ಕೈಗೆ ಬರುವವರೆಗೆ ತನಗೆ ಅನ್ನ ಬೇಡ, ಗಂಜಿಯೂ ಬೇಡ, ಒಂದು ಹಿಡಿ ಬೇಯಿಸಿದ ಹೆಸರು ಸಾಕು ಎಂದರು. ಹೊಸ ಬೆಳೆಗೆ ಇನ್ನೂ ತಿಂಗಳುಗಳಿದ್ದವು. ಮೊದಲೇ ಕಡ್ಡಿಯಂತಿದ್ದ ಹೆಂಗಸು.

ನಾನು ಕಣ್ಣೀರಿಟ್ಟೆ, ಗೋಗರೆದೆ. "ನೀವು ಸತ್ತರೆ ಆ ಪಾಪ ಯಾರಿಗೆ?" ಎಂದು ಕೇಳಿದೆ.

"ನಿನ್ನ ಎದೆಯಲ್ಲಿ ಹಾಲು ಬತ್ತಿದರೆ ಆ ಪಾಪ ಯಾರಿಗೆ?" ಎಂದು ಅವರು ಕೇಳಿದರು.

ಚಿಕ್ಕದಕ್ಕೆ ಆಗ ಐದು ತಿಂಗಳು. ಅತ್ತೆಯ ಪಾಲಿನ ಗಂಜಿ ನನ್ನ ಬಟ್ಟಲಿಗೆ ಬಂತು, ನಾನು ಕುಡಿದೆ. ಹಾಲೂಡುವ ಹೆಂಗಸಿನ ಹಸಿವು ನಾಚಿಕೆ ಕೇಳುವುದಿಲ್ಲ. ಆದರೆ ಅವರು ಎದುರು ಕುಳಿತು ಹೆಸರುಕಾಳನ್ನು ಒಂದೊಂದಾಗಿ ಜಗಿಯುವುದನ್ನು ನೋಡುವಾಗ ನನಗೆ ಅವರ ಮೇಲೆ, ಇವರ ಧಣಿಯ ಮೇಲೆ, ದೇವರ ಮೇಲೆ ಎಲ್ಲ ಸಿಟ್ಟು ಬರುತ್ತಿತ್ತು. ದಿನದಿಂದ ದಿನಕ್ಕೆ ಅವರು ಗೋಡೆ ಹಿಡಿದು ನಡೆಯುವಂತಾದರು.

ಈ ಸಲ ಅತ್ತೆ ಯಾರಿಗೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ಪಕ್ಕದ ಮನೆಯಾಕೆ ಊಟದ ಹೊತ್ತಿಗೆ ಹುಳಿ ಕೇಳಿಕೊಂಡು ಬಂದು ಅವರ ಎಲೆ ನೋಡಿದಳು. ಎಲೆಯಲ್ಲಿ ಅನ್ನವಿಲ್ಲ. ಹುಳಿ ಇಸಿದುಕೊಳ್ಳದೆ ಹೊರಟುಹೋದಳು.

ಸಂಜೆಯ ಮೊದಲೇ ಅಂಗಡಿಯ ಮುಂದೆ ಗಲಾಟೆ ಕೇಳಿ ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಇಡೀ ಬೀದಿ ಚೀಲ, ಪಾತ್ರೆ, ಹಾಸುಗೆಯ ಬಟ್ಟೆ ಹಿಡಿದು ಅಲ್ಲಿತ್ತು. ಅಂಗಡಿಯವನು ಬಾಗಿಲ ಹಲಗೆ ಹಾಕಲು ನೋಡಿದ, ಯಾರೋ ಎಳೆದರು, ಹಲಗೆ ಮುರಿಯಿತು. ದಿನಾ ಬಸದಿಯಲ್ಲಿ ರಾಗವಾಗಿ ಸ್ತೋತ್ರ ಹೇಳುವ ಹಿರಿಯರೊಬ್ಬರಿದ್ದರು, ಇರುವೆ ತುಳಿಯಬಾರದೆಂದು ನೆಲ ನೋಡಿ ನಡೆಯುವವರು. ಅವರು ಒಬ್ಬ ಮುದುಕಿಯ ಕೈಯಿಂದ ಅಕ್ಕಿಯ ಗಂಟು ಕಿತ್ತುಕೊಂಡದ್ದನ್ನು ನನ್ನ ಕಣ್ಣಾರೆ ಕಂಡೆ. ಅಷ್ಟೂ ಪರಿಚಯದ ಮುಖಗಳು, ಒಂದೂ ನನ್ನನ್ನು ಗುರುತು ಹಿಡಿಯಲಿಲ್ಲ. ಲೋಕ ಮುಗಿಯುವುದು ಹೀಗೇ ಇರಬೇಕು ಅನಿಸಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಅತ್ತೆಗೆ ಹೇಳಲಿಲ್ಲ. ಹೇಳುವವಳು ಮರುದಿನ ಬೆಳಿಗ್ಗೆ ಬಂದಳು. ಕೆಳಗಿನ ಬೀದಿಯಲ್ಲಿ ಬೀಡಿ ಕಟ್ಟುವ ಹೆಂಗಸು. ಗಂಡನಿಲ್ಲ, ಮೂರು ಮಕ್ಕಳು. ಆಯಾ ದಿನದ ಕೂಲಿಯಲ್ಲಿ ಆಯಾ ದಿನದ ಅಕ್ಕಿ ಕೊಂಡು ಬೇಯಿಸುವವಳು. ಚೀಲ ತುಂಬಿಸಿಟ್ಟುಕೊಳ್ಳುವ ಯೋಗ ಅವಳಂಥವರಿಗೆ ಎಲ್ಲಿಯದು? ಅಂಗಳದಲ್ಲೇ ನಿಂತು, ಸ್ವರ ಏರಿಸದೆ ಮಾತಾಡಿದಳು.

"ಅಮ್ಮ, ನೀವು ಅನ್ನ ಬಿಟ್ಟಿರಂತೆ. ನಿಮಗೆ ಪುಣ್ಯ ಬರ್ಲಿ. ನಿನ್ನೆ ರಾತ್ರಿ ನನ್ನ ಮಕ್ಕಳೂ ಬಿಟ್ಟರು. ಅವರಿಗೆ ಎಂತ ಬರ್ತದೆ?"

ಅತ್ತೆಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ಆಗ ನಾನು ಅಂಗಡಿಯ ಸಂಗತಿ ಹೇಳಲೇಬೇಕಾಯಿತು. ಕೇಳುತ್ತ ಕೇಳುತ್ತ ಅವರು ಕಂಬ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಮೊದಲ ಸಲ ಕಂಡದ್ದು ಆಗ. ಭರಣಿಯಿಂದ ಎರಡು ಸೇರು ಅಕ್ಕಿ ಆಕೆಯ ಸೆರಗಿಗೆ ಹಾಕಿಸಿದರು. ಆಕೆ ಹೋದ ಮೇಲೆ ನನಗೆ ಗಂಜಿ ಮಾಡಲು ಹೇಳಿದರು.

ಗಂಜಿಯಾದ ಮೇಲೆ ಅದನ್ನು ಜಗಲಿಗೆ ತರಿಸಿಕೊಂಡರು. ಬೀದಿಯ ಕಡೆ ಮುಖ ಮಾಡಿ ಕುಳಿತರು. ಬಸದಿಯಿಂದ ಜನ ಮರಳುವ ಹೊತ್ತು.

"ನಿಯಮ ಉಂಟಲ್ಲ ಅತ್ತೆ?" ಎಂದೆ. ಅವರು ಉಣ್ಣಲಿ ಎಂದು ಅಷ್ಟು ದಿನ ಬೇಡಿದವಳೇ ನಾನು. ಆದರೂ ಬಟ್ಟಲನ್ನು ಅವರ ಮುಂದಿಡದೆ ಹಿಡಿದು ನಿಂತೆ. ಎಪ್ಪತ್ತರ ಹತ್ತಿರದ ಆ ಜೀವ ಒಂದೇ ಒಂದು ನಿಯಮ ಮುರಿದದ್ದಿರಲಿಲ್ಲ.

"ನೋಡ್ಲಿ," ಎಂದರು. "ನಾನು ಉಣ್ಣುವುದನ್ನು ಎಲ್ಲರೂ ನೋಡ್ಲಿ. ನೋಡಿದ್ರೆ ಅಕ್ಕಿ ಹಿಂದೆ ತಂದು ಕೊಟ್ಟಾರು."

ಉಂಡರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಅತ್ತೆ ಪ್ರತಿ ತುತ್ತಿಗೂ ತಲೆ ಎತ್ತಿ ಬೀದಿ ನೋಡುವರು, ಮತ್ತೆ ಬಟ್ಟಲಿಗೆ ಬಗ್ಗುವರು. ಗಂಟಲಿಗಿಳಿಯದೆ ಕೆಮ್ಮು ಬಂದರೂ ಬಿಡಲಿಲ್ಲ. ಬಡಿಸುತ್ತ ನಿಂತ ನನಗೆ ಅವರ ಕೈಯಿಂದ ಬಟ್ಟಲು ಕಿತ್ತು ಬೀದಿಗೆ ಎಸೆಯಬೇಕು ಅನಿಸಿತು.

ಅಕ್ಕಿ ಯಾರೂ ಹಿಂದೆ ತರಲಿಲ್ಲ. ನಡೆದದ್ದೇ ಬೇರೆ. ಅಷ್ಟು ದೊಡ್ಡ ವ್ರತದವರೇ ಹಸಿವು ತಾಳದೆ ನಿಯಮ ಮುರಿದರಂತೆ, ಹಾಗಾದರೆ ಇನ್ನು ಉಳಿದದ್ದೇನು, ಕಾಲ ಮುಗಿಯಿತು ಎಂದು ಬೀದಿ ತುಂಬ ಮಾತಾಯಿತು. ಅಕ್ಕಿ ಕೂಡಿಟ್ಟವರು ಇನ್ನಷ್ಟು ಒಳಗೆ ಸರಿಸಿ ಬೀಗ ಹಾಕಿದರು. ಪಕ್ಕದ ಮನೆಯವರು ಹಿತ್ತಿಲ ಬಾಗಿಲಿಗೆ ಅಡ್ಡದಂಡ ಹಾಕಿಸಿದರು. ಬಸದಿಯಲ್ಲಿ ಅತ್ತೆ ಕುಳಿತರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು. ಬೀಡಿ ಕಟ್ಟುವ ಆಕೆ ಮಕ್ಕಳನ್ನು ಕಟ್ಟಿಕೊಂಡು ಪೊಳಲಿ ಕಡೆಯ ಅಣ್ಣನ ಮನೆಗೆ ಹೋದಳೆಂದು ಕೇಳಿದೆ. ಮತ್ತೆ ಅವಳನ್ನು ಕಾಣಲಿಲ್ಲ.

ಆಮೇಲೆ ಅತ್ತೆ ಏನನ್ನೂ ಬಿಡಲಿಲ್ಲ. ಬಡಿಸಿದ್ದನ್ನೆಲ್ಲ ಉಣ್ಣುತ್ತಿದ್ದರು, ಸಾಕು ಎನ್ನುತ್ತಿರಲಿಲ್ಲ, ಬೇಕು ಎನ್ನುತ್ತಿರಲಿಲ್ಲ. ಗೋಧಿ ಗಂಜಿ ಕೊಟ್ಟರೆ ಅದನ್ನೂ ಕುಡಿದರು. ಒಮ್ಮೆ ನಾನು ಪರೀಕ್ಷೆ ಮಾಡುವವಳಂತೆ, ಮಳೆಗಾಲ ಬಂತು, ಸೊಪ್ಪು ಬಿಡುವುದಿಲ್ಲವೇ ಎಂದು ಕೇಳಿದೆ. ನನ್ನನ್ನು ನೋಡಿದ ರೀತಿಗೆ ಇನ್ನೊಮ್ಮೆ ಕೇಳುವ ಧೈರ್ಯ ಬರಲಿಲ್ಲ.

ಎರಡು ಮಳೆಗಾಲ ಕಳೆದು ಅವರು ಹಾಸಿಗೆ ಹಿಡಿದರು. ಅಷ್ಟರಲ್ಲಿ ಅಂಗಡಿಗೆ ಅಕ್ಕಿ ಬಂದಿತ್ತು, ಬೆಲೆ ಮಾತ್ರ ಏರಿದ್ದು ಇಳಿಯಲೇ ಇಲ್ಲ. ಕೊನೆಯ ದಿನ ಬಸದಿಯಿಂದ ಹಿರಿಯರು ಬಂದು ಸುತ್ತ ಕುಳಿತು ಮಂತ್ರ ಹೇಳಿದರು. ನಮ್ಮಲ್ಲಿ ಆ ಹೊತ್ತಿನಲ್ಲಿ ಹೋಗುವವರಿಂದ ಏನಾದರೊಂದು ತ್ಯಾಗ ಮಾಡಿಸುತ್ತಾರೆ. ಅನ್ನವನ್ನೋ ನೀರನ್ನೋ ಬಿಟ್ಟೆ ಎಂದು ಹೇಳಿ ಹೋದರೆ ಆ ಜೀವಕ್ಕೆ ಒಳ್ಳೆಯದು. ಅಕ್ಕಿಯ ಗಂಟು ಕಿತ್ತುಕೊಂಡಿದ್ದ ಅದೇ ಹಿರಿಯರು ಬಗ್ಗಿ ಕೇಳಿದರು, "ಅಮ್ಮ, ಆಹಾರ ಬಿಟ್ಟೆ ಅಂತ ಮನಸ್ಸಿನಲ್ಲಿ ಹೇಳಿ."

ಅತ್ತೆ ಕಣ್ಣು ತೆರೆದರು. "ಬೇಡ," ಎಂದರು. "ಜನ ಅಂಗಡಿಗೆ ಓಡ್ತಾರೆ."

ಮಂತ್ರ ನಿಂತುಹೋಯಿತು. ಇವರು ತಾಯಿಯ ಕೈ ಹಿಡಿದು, ಈಗ ಅಕ್ಕಿ ಉಂಟಮ್ಮ, ಯಾರೂ ಓಡುವುದಿಲ್ಲ ಎಂದರು. ಅವರು ತಲೆಯಾಡಿಸಿ ನನ್ನ ಕಡೆ ನೋಡಿ ಬಾಯಿ ತೆರೆದರು. ನಾನು ಗಂಜಿಯ ತಿಳಿ ಚಮಚದಲ್ಲಿ ಹಾಕಿದೆ. ಅದು ಒಳಗೆ ಇಳಿಯುವ ಮೊದಲೇ ಜೀವ ಹೋಯಿತು.

ನೋಡಲು ಬಂದ ಹೆಂಗಸರು ರೂಢಿಯಂತೆ ನನ್ನನ್ನು ಕೇಳಿದರು, ಕೊನೆಗೆ ಏನು ಬಿಟ್ಟರು ಎಂದು. ಏನೂ ಬಿಡಲಿಲ್ಲ ಎಂದೆ. ಅವರಲ್ಲಿ ಒಬ್ಬಿಬ್ಬರು ಸಮಾಧಾನದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.